ಸುಮ್ಮನೆ ಮರ ಹತ್ತಿದವಳು

ಬಿಕರ್ನಕಟ್ಟೆಯ ಜನಕ್ಕೆ ಮರ ಹತ್ತುವವರ ಮೇಲೆ ಯಾವ ತಕರಾರೂ ಇರಲಿಲ್ಲ. ತೆಂಗಿನಕಾಯಿ ಕೀಳಲು ಹತ್ತಲಿ, ಕಳ್ಳು ಇಳಿಸಲು ಹತ್ತಲಿ, ಸೊಪ್ಪು ಕಡಿಯಲು ಹತ್ತಲಿ, ಯಾರೂ ಕತ್ತೆತ್ತಿ ಸಹ ನೋಡುತ್ತಿರಲಿಲ್ಲ. ಆದರೆ ನಲವತ್ತು ದಾಟಿದ ಒಬ್ಬ ಹೆಂಗಸು, ಅದೂ ಗದ್ದೆ, ಗುತ್ತಿನ ದೊಡ್ಡಮನೆ ಅಂತ ಮೆರೆದ ಮನೆತನದವಳು, ಕಾಯಿಲ್ಲದ ಹಣ್ಣಿಲ್ಲದ ಮರವನ್ನು ಯಾವ ಕಾರಣವೂ ಇಲ್ಲದೆ ಹತ್ತಿದಳೆಂದರೆ ಇಡೀ ಕೇರಿಗೆ ನಿದ್ದೆ ಹತ್ತುವುದಿಲ್ಲ. ಕಾರಣ ಸಿಗುವವರೆಗೆ ಜನ ಬಿಡುವುದಿಲ್ಲ. ಸಿಗದಿದ್ದರೆ ತಾವೇ ಒಂದನ್ನು ತಂದು ಕೂರಿಸುತ್ತಾರೆ.

ಹೆಂಗಸಿನ ಹೆಸರು ರತ್ನಾವತಿ. ಮದುವೆಯಾಗಿರಲಿಲ್ಲ. ವಾಮಂಜೂರಿನ ಆಚೆ ಅವಳ ಮನೆತನಕ್ಕೆ ಕಣ್ಣು ಹಾಯುವಷ್ಟು ಗದ್ದೆಯಿತ್ತು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದು ಗದ್ದೆಗಳು ಒಕ್ಕಲುಗಳ ಪಾಲಾದಾಗ, ಅಣ್ಣ ಚಿತ್ತರಂಜನ ಶೆಟ್ಟರು ಊರಿನ ಮನೆಗೆ ಬೀಗ ಜಡಿದು ಪೇಟೆಗೆ ಬಂದರು. ಕೊಡಿಯಾಲ್‌ಬೈಲಿನಲ್ಲಿ ಊಟದ ಹೋಟೆಲು ತೆರೆದರು. ಬಿಕರ್ನಕಟ್ಟೆಯಲ್ಲಿ ತಾಯಿಯ ಹೆಸರಿನಲ್ಲಿದ್ದ ಮನೆಯನ್ನು ರಿಪೇರಿ ಮಾಡಿಸಿ ಅಣ್ಣತಂಗಿ ಅಲ್ಲಿ ನೆಲೆಯಾದರು. ರತ್ನಾವತಿ ಒಂದು ವಿಮಾ ಆಫೀಸಿನಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಇಡೀ ಜಿಲ್ಲೆಯ ಜನ ಯಾವಾಗ ಸಾಯುತ್ತಾರೆಂಬ ಲೆಕ್ಕಾಚಾರ.

ಎಂಬತ್ತನಾಲ್ಕನೆಯ ಇಸವಿಯ ಮಳೆ ಆಗಷ್ಟೇ ಹಿಂದೆ ಸರಿದಿತ್ತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ, ಪಕ್ಕದ ಮೇಜಿನ ಆನಿ ಒಂದು ಇಂಗ್ಲಿಷ್ ಪತ್ರಿಕೆ ತೆರೆದು ನಗತೊಡಗಿದಳು. ಅವಳ ಅಣ್ಣ ಕಜೆಟನ್ ಅಮೆರಿಕದಿಂದ ಕಳಿಸಿದ್ದು. ಚಿತ್ರದಲ್ಲಿ ತಲೆ ಪೂರ್ತಿ ಬೆಳ್ಳಗಾದ ಒಬ್ಬ ಮುದುಕಿ ದೊಡ್ಡ ಮರದ ನಡುಮಧ್ಯೆ ಹಗ್ಗಕ್ಕೆ ನೇತುಕೊಂಡು ಕಾಲಾಡಿಸುತ್ತಿದ್ದಳು.

"ಇವರು ಎಂತ ಕೊಯ್ಲಿಕ್ಕೆ ಹತ್ತಿದ್ದು?" ಎಂದು ರತ್ನಾವತಿ ಕೇಳಿದಳು.

ಆನಿ ಬೆರಳಿಟ್ಟು ಓದಿದಳು. "ಎಂತದ್ದೂ ಇಲ್ಲವಂತೆ ಮಾರಾಯ್ತಿ. ಹತ್ತುವುದು, ಕೂತುಕೊಳ್ಳುವುದು, ಇಳಿಯುವುದು. ಅದೇ ಆಟ ಅಂತೆ."

"ಸುಮ್ಮನೆಯಾ?"

"ಸುಮ್ಮನೆ."

ರತ್ನಾವತಿಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಎಳೆಯ ವಯಸ್ಸಿನಲ್ಲಿ ಒಮ್ಮೆ ಮನೆಯ ಹಿಂದಿನ ಮಾವಿನ ಮರಕ್ಕೆ ಕಾಲಿಟ್ಟವಳನ್ನು ದೊಡ್ಡಮ್ಮ ಪಾದ ಹಿಡಿದು ಎಳೆದು ಇಳಿಸಿದ್ದರು. ಹೆಣ್ಣು ಹತ್ತಿದರೆ ಮರ ಕಾಯಿ ಬಿಡುವುದಿಲ್ಲ ಎಂದು ಎರಡು ಬಿಗಿದೂ ಇದ್ದರು. ಅಂದಿನಿಂದ ಅವಳು ಪ್ರತಿ ಮರವನ್ನೂ ಕೆಳಗಿನಿಂದಲೇ ನೋಡಿದ್ದಳು. ಈಗ ನೋಡಿದರೆ ಪ್ರಪಂಚದಲ್ಲಿ ಅಜ್ಜಿಯಂದಿರು ಸಹ ಸುಮ್ಮನೆ ಮರ ಹತ್ತುತ್ತಿದ್ದಾರೆ, ಮತ್ತು ಈ ವಿಷಯವನ್ನು ಇಷ್ಟು ವರ್ಷ ಯಾರೂ ತನಗೆ ಹೇಳಿಲ್ಲ! ಪತ್ರಿಕೆಯನ್ನು ಅವಳು ಕೇಳಿ ಪಡೆದುಕೊಂಡಳು. ಮನೆಯ ಕಂಪೌಂಡಿನ ಮೂಲೆಯಲ್ಲಿ ಒಂದು ಮಳೆಮರವಿತ್ತು. ಬ್ರಿಟಿಷರ ಕಾಲದ್ದು, ಊರಗಲ ಕೊಂಬೆ ಚಾಚಿದ್ದು. ತಿನ್ನುವ ಹಣ್ಣಿಲ್ಲ, ಮಾರುವ ಮೋಪಿಲ್ಲ. ಹೆಣ್ಣು ಹತ್ತಿದರೆ ನಷ್ಟವಾಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವಳಿಗೆ ಬೇಕಾದದ್ದೂ ಅಂಥದೇ ಮರ.

ಹಗ್ಗ ಬೇಕೆಂದರೆ ಬಂದರಿಗೇ ಹೋಗಬೇಕು. ಅಲ್ಲಿ ಮೊಯ್ದೀನಬ್ಬರ ಅಂಗಡಿಯಲ್ಲಿ ಮೀನಿನ ಬೋಟುಗಳಿಗೆ ಬೇಕಾದ ಬಲೆ, ಹಗ್ಗ, ಸೀಸದ ಗುಂಡು ಎಲ್ಲವೂ ಸಿಗುತ್ತಿತ್ತು. ರತ್ನಾವತಿ ಬೆರಳಿನಷ್ಟು ದಪ್ಪದ ನೈಲಾನ್ ಹಗ್ಗವನ್ನು ಮುಟ್ಟಿ ನೋಡಿ, ಜಗ್ಗಿ ನೋಡಿ, ಮನುಷ್ಯರ ಭಾರ ತಡೆಯುತ್ತದೆಯೇ ಎಂದು ಕೇಳಿದಳು.

ಮೊಯ್ದೀನಬ್ಬರ ಕೈಯಲ್ಲಿದ್ದ ಅಳತೆಕೋಲು ಅಲ್ಲೇ ನಿಂತಿತು. "ಹಗ್ಗ ಎಂತಕ್ಕೆ ಅಕ್ಕ? ಬೋಟಿಗಾ, ಬಾವಿಗಾ?"

"ನನಗೆ."

ಅವರು ಹಗ್ಗದ ಸುರುಳಿಯನ್ನು ಮೆಲ್ಲನೆ ತಮ್ಮ ಕಡೆಗೆ ಎಳೆದುಕೊಂಡರು. "ಅಕ್ಕ, ಕೂತುಕೊಳ್ಳಿ. ಒಂದು ಶರಬತ್ತು ಕುಡೀರಿ. ಕಷ್ಟ ಯಾರಿಗಿಲ್ಲ ಹೇಳಿ. ಮನೆಯಲ್ಲಿ ಯಾರಾದರೂ ಎಂತಾದರೂ ಹೇಳಿದ್ರಾ?"

ರತ್ನಾವತಿಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದದ್ದೇ ನಗು ತಡೆಯಲಾಗಲಿಲ್ಲ. "ಸಾಯ್ಲಿಕ್ಕೆ ಇಷ್ಟುದ್ದ ಹಗ್ಗ ಎಂತಕ್ಕೆ ಸಾಹೇಬರೆ? ನಾನು ಮರ ಹತ್ತಲಿಕ್ಕೆ ಕೇಳುವುದು. ಹತ್ತಿ, ಕೂತು, ಇಳಿದು ಬರ್ತೇನೆ." ಬ್ಯಾಗಿನಿಂದ ಪತ್ರಿಕೆ ತೆಗೆದು ಬಿಳಿತಲೆಯ ಮುದುಕಿಯನ್ನು ತೋರಿಸಿದಳು.

ಮೊಯ್ದೀನಬ್ಬರು ಚಿತ್ರವನ್ನು ಹತ್ತಿರದಿಂದಲೂ ದೂರದಿಂದಲೂ ನೋಡಿದರು. "ಈ ಅಜ್ಜಿಗೆ ಮಕ್ಕಳು ಮರಿ ಇಲ್ಲವಾ?" ಎಂದರು. ಆಮೇಲೆ ಅವಳು ಮುಟ್ಟಿದ ಹಗ್ಗವನ್ನು ಬಿಟ್ಟು ಒಳಗಿನಿಂದ ಇನ್ನೂ ಗಟ್ಟಿಯಾದದ್ದನ್ನು ತಂದು ಅಳೆದರು. ಏನಾದರೂ ಹೆಚ್ಚುಕಮ್ಮಿಯಾದರೆ ತನ್ನ ಅಂಗಡಿಯ ಹೆಸರು ಮಾತ್ರ ಹೇಳಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದರು.

ಬೆಲ್ಟನ್ನು ಲಾರಿಯ ಟರ್ಪಾಲು ಹೊಲಿಯುವವರಿಂದ ಮೂರು ಪದರ ಮಾಡಿ ಹೊಲಿಸಿದ್ದಾಯಿತು, ತೊಡೆಗಳ ಸುತ್ತ ಎರಡು ಪಟ್ಟಿ ಬೇರೆ. ಸರ್ಕಸ್ಸಿನವರಾ ಎಂದು ಅಲ್ಲಿಯೂ ಕೇಳಿದರು. ಹೌದು ಎಂದಳು, ಅಲ್ಲಿಗೆ ಮಾತು ಮುಗಿಯಿತು. ಪತ್ರಿಕೆಯಲ್ಲಿದ್ದ ವಿಧಾನ ಓದಲು ಸುಲಭ. ಉದ್ದನೆಯ ಹಗ್ಗವನ್ನು ಕೊಂಬೆಯ ಮೇಲಿನಿಂದ ಹಾಯಿಸಿ ಒಂದು ತುದಿಯನ್ನು ಮರದ ಬುಡಕ್ಕೆ ಬಿಗಿಯುವುದು. ಇಳಿಬಿದ್ದ ಮತ್ತೊಂದು ಕಡೆಗೆ ಸಣ್ಣ ಹಗ್ಗದ ಎರಡು ಕುಣಿಕೆ ಸುತ್ತುವುದು, ಒಂದು ಸೊಂಟದ ಬೆಲ್ಟಿಗೆ, ಇನ್ನೊಂದು ಪಾದಕ್ಕೆ. ಭಾರ ಬಿದ್ದಾಗ ಗಂಟು ಹಗ್ಗವನ್ನು ಕಚ್ಚುತ್ತದೆ, ಭಾರ ತೆಗೆದರೆ ಜಾರುತ್ತದೆ. ಪಾದದ ಕುಣಿಕೆಯಲ್ಲಿ ಎದ್ದು ನಿಂತು ಸೊಂಟದ ಗಂಟನ್ನು ಮೇಲೆ ಸರಿಸಬೇಕು, ಬೆಲ್ಟಿನಲ್ಲಿ ಕೂತು ಪಾದದ ಗಂಟನ್ನು ಮೇಲೆ ಸರಿಸಬೇಕು. ಇಷ್ಟೇ.

ಇಷ್ಟೇ ಎಂಬುದು ಓದುವಾಗಿನ ಮಾತು. ಹಗ್ಗವನ್ನು ಮೇಲೆಳೆಯುವ ದಾರಕ್ಕೆ ಸೀಸದ ಗುಂಡು ಕಟ್ಟಿ ಕೊಂಬೆಯ ಮೇಲೆ ಎಸೆದರೆ ಅದು ಹೋಗಿ ಪಕ್ಕದ ಮನೆಯ ಗುಲಾಬಿಯಕ್ಕನ ಹಂಚಿನ ಮೇಲೆ ಬಿತ್ತು. ಬೆಕ್ಕು ಹಾರಿದ್ದಿರಬೇಕು ಎಂದು ಗುಲಾಬಿಯಕ್ಕ ಒಳಗಿನಿಂದಲೇ ಬೆಕ್ಕಿಗೆ ಬೈದರು. ಹಗ್ಗ ಹೇಗೋ ಕೊಂಬೆ ಹಿಡಿದರೆ ಸೀರೆಯ ನೆರಿಗೆ ಕಾಲಿನ ಕುಣಿಕೆಗೆ ಸಿಕ್ಕಿ, ಏಳಲೂ ಆಗದೆ ಕೂರಲೂ ಆಗದೆ ಅವಳು ನೆಲದಿಂದ ಒಂದು ಗೇಣು ಮೇಲೆ ಒದ್ದಾಡಿದಳು. ಮುಂದಿನ ಭಾನುವಾರ ಅಣ್ಣನ ಹಳೆಯ ಪ್ಯಾಂಟನ್ನು ಅಲಮಾರಿಯಿಂದ ಎತ್ತಿದಳು. ಆಗ ಗಂಟಿಗೆ ಸುತ್ತು ಕಡಿಮೆಯಾಗಿ, ಹೊಸ ನೈಲಾನಿನ ಮೇಲೆ ಸರ್ರನೆ ಜಾರಿ ಕುಂಡಿ ಊರಿ ಬಿದ್ದಳು. ಎರಡು ದಿನ ಆಫೀಸಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತು ಕೆಲಸ ಮಾಡಿದಳು. ಕೇಳಿದವರಿಗೆಲ್ಲ ಬಚ್ಚಲಲ್ಲಿ ಜಾರಿದೆ ಎಂದಳು. ಬಚ್ಚಲಲ್ಲಿ ಜಾರಿದರೆ ಮಾತ್ರ ಮರ್ಯಾದಸ್ಥ ಹೆಂಗಸು ನೋಡಿ, ಎಲ್ಲರೂ ಅಯ್ಯೋ ಪಾಪ ಎಂದರು.

ಕೈಯ ಚರ್ಮ ಸುಲಿದು, ತೊಡೆಯಲ್ಲಿ ಪಟ್ಟಿಯ ಬರೆ ಎದ್ದು, ಕೊನೆಗೊಂದು ಬೆಳಿಗ್ಗೆ ಅವಳು ಮೊದಲ ಕೊಂಬೆ ತಲುಪಿದಳು. ಕೊಂಬೆಯ ಮೇಲೆ ಕಾಲು ಚೆಲ್ಲಿ ಕೂತಳು. ಎಲೆಗಳ ನಡುವೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಕೆಳಗೆ ತನ್ನ ಮನೆಯ ಹಂಚಿನ ಮಾಡು, ಅದರ ಮೇಲೆ ಎಂದೋ ಕಳೆದುಹೋದ ಒಂದು ಒನಕೆ, ಯಾರು ಅಲ್ಲಿಗೆ ಎಸೆದರೋ. ರಸ್ತೆಯಲ್ಲಿ ಹಾಲಿನವನು ಹೋದ, ಬಾಲ ಯೇಸುವಿನ ಗುಡಿಗೆ ಹೊರಟ ಹೆಂಗಸರು ಹೋದರು. ಒಬ್ಬರೂ ಮೇಲೆ ನೋಡಲಿಲ್ಲ. ಅವಳನ್ನು ಯಾರೂ ಕರೆಯಲಿಲ್ಲ, ಯಾರೂ ಏನೂ ಕೇಳಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ತಾನು ಯಾರ ಕೆಲಸಕ್ಕೂ ಬಾರದ ಒಂದು ಜಾಗದಲ್ಲಿದ್ದೇನೆ ಅನ್ನಿಸಿ ಅವಳಿಗೆ ಅಳು ಬರುವಷ್ಟು ಸುಖವಾಯಿತು.

ಇದಾಗಿ ಎರಡು ವಾರಕ್ಕೆ ಅನಾಹುತವಾಯಿತು. ಮಂಜು ಮುಸುಕಿದ ಬೆಳಿಗ್ಗೆ. ರತ್ನಾವತಿ ನಡುದಾರಿಯಲ್ಲಿದ್ದಾಗ ತುರುಬು ಬಿಚ್ಚಿಕೊಂಡು, ಒಂದು ಹಿಡಿ ಕೂದಲು ತಲೆಯ ಮಟ್ಟಕ್ಕೆ ಸರಿಸಿದ್ದ ಸೊಂಟದ ಗಂಟಿನೊಳಗೆ ಸಿಕ್ಕಿತು. ಭಾರ ಹಾಕಿದಷ್ಟೂ ಗಂಟು ಕೂದಲನ್ನು ನುಂಗಿತು. ಅವಳು ಎರಡೂ ಕೈ ಮೇಲೆತ್ತಿ ಎಳೆದುಕೊಳ್ಳುತ್ತ, ನೋವಿಗೆ ಹೂಂ ಹೂಂ ಎಂದು ಮುಲುಗುತ್ತ, ಹಗ್ಗದ ಹುರಿಯ ಜತೆ ಗಿರ್ರನೆ ತಿರುಗತೊಡಗಿದಳು. ಅದೇ ಹೊತ್ತಿಗೆ ಗುಲಾಬಿಯಕ್ಕ ಹಲ್ಲುಪುಡಿ ಹಿಡಿದು ಹಿತ್ತಲಿಗೆ ಬಂದರು. ಮಂಜಿನಲ್ಲಿ ಅವರಿಗೆ ಹಗ್ಗ ಕಾಣಲಿಲ್ಲ. ಕಂಡದ್ದು ಇಷ್ಟು: ಕೆದರಿದ ಕೂದಲು, ಎತ್ತಿದ ಕೈ, ನೆಲಕ್ಕೆ ತಾಗದ ಪಾದ, ಹೂಂಕಾರ. ನಮ್ಮ ಕಡೆಯಲ್ಲಿ ಹುಟ್ಟಿದ ಯಾರೇ ಆದರೂ ಇದನ್ನು ನೋಡಿ ದೈವ ಮೈಮೇಲೆ ಬಂತೆಂದಲ್ಲದೆ ಇನ್ನೇನು ತಿಳಿಯಬೇಕು? ಗುಲಾಬಿಯಕ್ಕ ಹಲ್ಲುಪುಡಿ ಬಿಟ್ಟು ಅಲ್ಲಿಯೇ ಅಡ್ಡಬಿದ್ದರು.

ರತ್ನಾವತಿ ಕೂದಲು ಹರಿದುಕೊಂಡು ಇಳಿಯುವಷ್ಟರಲ್ಲಿ ಸುದ್ದಿ ಬಸ್‌ಸ್ಟಾಪು ತಲುಪಿತ್ತು. ಮರುದಿನ ಮರದ ಬುಡದಲ್ಲಿ ಕುಂಕುಮ, ಕೇಪಳ ಹೂವು. ಮತ್ತೆರಡು ದಿನಕ್ಕೆ ಒಂದು ಕಲ್ಲು ಬಂದು ಕೂತಿತು. ಬಸ್ಸಿನಲ್ಲಿ ಕಂಡಕ್ಟರು ಎದ್ದು ನಿಂತು ಜಾಗ ಕೊಟ್ಟ. "ನಾನು ವ್ಯಾಯಾಮಕ್ಕೆ ಹತ್ತಿದ್ದು ಗುಲಾಬಿಯಕ್ಕ, ಹಗ್ಗ ಇತ್ತು," ಎಂದು ಅವಳು ತಿಳಿಸಿ ಹೇಳಿದರೆ ಅವರು ಕೈಮುಗಿದರು. "ಹಾಗೆಯೇ ರತ್ನಕ್ಕ. ಮೈಮೇಲೆ ಬಂದದ್ದು ಬಂದವರಿಗೆ ಗೊತ್ತಾಗುವುದಿಲ್ಲ."

ಚಿತ್ತರಂಜನ ಶೆಟ್ಟರು ಮೊದಲ ದಿನ ಕೆಂಡವಾದರು, ಮುಖ್ಯವಾಗಿ ಪ್ಯಾಂಟಿನ ವಿಷಯಕ್ಕೆ. ಆಮೇಲೆ ಯಾರಿಗೂ ಹೇಳದೆ ಜೋಯಿಸರ ಹತ್ತಿರ ಕವಡೆ ಹಾಕಿಸಿ ಪ್ರಶ್ನೆ ಇಡಿಸಿದರು. ವಾಪಸು ಬಂದಾಗ ಅವರ ಮುಖದಲ್ಲಿದ್ದ ಬಿಗುವೇ ಇಳಿದುಹೋಗಿತ್ತು. ತಂಗಿಯನ್ನು ಚಾವಡಿಯಲ್ಲಿ ಎದುರು ಕೂರಿಸಿಕೊಂಡರು.

"ರತ್ನ, ನಾವು ಊರಿನ ಮನೆಗೆ ಬೀಗ ಹಾಕಿ ಬಂದೆವಲ್ಲ, ಕುಟುಂಬದ ದೈವವನ್ನು ಕೇಳದೆ ಬಂದೆವು. ಹತ್ತು ವರ್ಷ ನನಗೆ ಸರಿಯಾಗಿ ಊಟ ಸೇರಿದ್ದಿಲ್ಲ ಮಾರಾಯ್ತಿ. ಈಗ ಅದೇ ಹುಡುಕಿಕೊಂಡು ಬಂದು ಆ ಮರದಲ್ಲಿ ಕೂತಿದೆಯಂತೆ. ನಿನ್ನನ್ನು ಹತ್ತಿಸಿದ್ದು ಅದೇ ಅಂತೆ."

"ನನ್ನನ್ನು ಯಾರೂ ಹತ್ತಿಸಲಿಲ್ಲ ಅಣ್ಣ. ಹಗ್ಗ ನಾನು ತಂದದ್ದು. ಬಿದ್ದದ್ದು ಸಹ ನಾನೇ."

"ಅದು ನಿನ್ನ ಲೆಕ್ಕ. ನೋಡು, ಬರುವ ಭಾನುವಾರ ಮರದ ಬುಡದಲ್ಲಿ ದೈವದ ಕಟ್ಟೆಗೆ ಕಲ್ಲು ಹಾಕ್ತೇವೆ. ಹತ್ತು ಜನ ಸೇರ್ತಾರೆ. ದೈವವೇ ಹತ್ತಿಸಿದ್ದು ಅಂತ ನೀನು ಒಂದು ಮಾತು ಹೇಳಿದರೆ ಸಾಕು. ನೀನು ಮರ ಹತ್ತಬಾರದು ಅಂತ ಯಾರೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ವಾದ್ಯ ಊದಿಸಿಯೇ ಹತ್ತಿಸ್ತೇವೆ."

"ಉಳಿದ ದಿನ?"

"ಉಳಿದ ದಿನ ಬೇಲಿ. ದೈವದ ಮರಕ್ಕೆ ಕಂಡಕಂಡ ಹಾಗೆ ಹತ್ತಲಿಕ್ಕೆ ಆಗ್ತದಾ?"

"ನಾನು ಹೇಳದಿದ್ದರೆ?"

ಶೆಟ್ಟರು ಧ್ವನಿ ತಗ್ಗಿಸಿದರು. "ಜನ ಎಂತ ಹೇಳ್ತಾರೆ ಅಂತ ನೀನೇ ಯೋಚಿಸು. ದೈವ ಅಂದರೆ ಕೈಮುಗೀತಾರೆ. ನೀನೇ ಹತ್ತಿದ್ದು ಅಂದರೆ ಮಂಡೆ ಸಮ ಇಲ್ಲ ಅಂತಾರೆ. ಹೋಟೆಲಿಗೆ ಬಂದು ನನ್ನ ಮುಖ ನೋಡಿ ನಗ್ತಾರೆ."

ಆ ವಾರ ರತ್ನಾವತಿಗೆ ಒಂದು ತುತ್ತೂ ರುಚಿಸಲಿಲ್ಲ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಒಂದು ಮಾತು ಹೇಳಿದರೆ ಅಣ್ಣನ ಎದೆಯ ಭಾರ ಇಳಿಯುತ್ತದೆ, ಬಸ್ಸಿನ ಸೀಟು ಖಾಯಂ ಆಗುತ್ತದೆ, ವರ್ಷಕ್ಕೊಂದು ದಿನ ಮರವೂ ಸಿಗುತ್ತದೆ. ಆದರೆ ಆ ದಿನ ಹತ್ತುವವಳು ರತ್ನಾವತಿಯಾಗಿರುವುದಿಲ್ಲ. ಹೆಂಗಸು ಹರಕೆಗೆ ಹತ್ತಬಹುದು, ಹುಚ್ಚಿಗೆ ಹತ್ತಬಹುದು, ಸಾಯಲು ಹತ್ತಬಹುದು, ಅದಕ್ಕೆಲ್ಲ ಊರಿನಲ್ಲಿ ಜಾಗವುಂಟು. ತನಗೆ ಬೇಕೆನಿಸಿ ಹತ್ತಲು ಮಾತ್ರ ಇಲ್ಲ. ಇದನ್ನು ನೆನೆದಾಗಲೆಲ್ಲ ದೊಡ್ಡಮ್ಮ ಪಾದ ಹಿಡಿದೆಳೆದ ಜಾಗ ಉರಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅಂಗಳದ ತುಂಬ ಜನ. ವಾಮಂಜೂರಿನಿಂದ ನೆಂಟರು, ಹೋಟೆಲಿನ ಕೆಲಸದವರು, ಕೇರಿಯ ಹೆಂಗಸರು. ಮರದ ಬುಡವನ್ನು ಸೆಗಣಿ ಸಾರಿಸಿ, ರಂಗೋಲಿ ಬರೆದು, ಹಿತ್ತಾಳೆಯ ಕಾಲುದೀಪ ಇಟ್ಟಿದ್ದರು. ಶೆಟ್ಟರು ಜರಿಯಂಚಿನ ಪಂಚೆಯುಟ್ಟು ನಿಂತಿದ್ದರು. ರತ್ನಾವತಿ ಮಿಂದು, ಕೂದಲನ್ನು ಬಿಗಿಯಾಗಿ ಹೆಣೆದು ಬಟ್ಟೆ ಸುತ್ತಿ, ಪ್ಯಾಂಟು ತೊಟ್ಟು, ಬೆಲ್ಟು ಕಟ್ಟಿ, ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ಹೊರಗೆ ಬಂದಳು. ಅಂಗಳದ ಕಣ್ಣೆಲ್ಲ ಪ್ಯಾಂಟಿನ ಮೇಲೆ ಬಿತ್ತು.

ಜೋಯಿಸರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಹತ್ತು ಸಮಸ್ತರ ಎದುರು ಹೇಳಿ ಅಮ್ಮ, ನಿಮ್ಮನ್ನು ಈ ಮರಕ್ಕೆ ಹತ್ತಿಸಿದ್ದು ಯಾರು?"

ರತ್ನಾವತಿ ಮೊದಲು ಬುಡಕ್ಕೆ ಬಗ್ಗಿ ನಮಸ್ಕರಿಸಿದಳು. ಅದು ನಾಟಕವಾಗಿರಲಿಲ್ಲ. ದೈವವನ್ನು ಅಲ್ಲಿದ್ದ ಎಲ್ಲರಷ್ಟೇ ಅವಳೂ ನಂಬಿದ್ದಳು. ಎದ್ದು ನಿಂತಳು. "ನಾವು ತುಳುವಿನಲ್ಲಿ ದೈವವನ್ನು ಸತ್ಯ ಅಂತ ಕರೀತೇವೆ. ಸತ್ಯದ ಎದುರು ನಿಂತು ಸುಳ್ಳು ಹೇಳುವಷ್ಟು ಧೈರ್ಯ ನನಗಿಲ್ಲ. ನನ್ನನ್ನು ಯಾರೂ ಹತ್ತಿಸಲಿಲ್ಲ. ನಾನೇ ಹತ್ತಿದ್ದು. ಎಂತಕ್ಕೂ ಅಲ್ಲ, ಸುಮ್ಮನೆ. ಕಾಣದವರು ಇವತ್ತು ಕಾಣಿ."

ಹೇಳಿದವಳೇ ಸೀಸದ ಗುಂಡು ಬೀಸಿ ಎಸೆದಳು. ಇಷ್ಟು ದಿನದಲ್ಲಿ ಒಂದು ಸಲವೂ ಅಷ್ಟು ಚೆನ್ನಾಗಿ ಬಿದ್ದಿರಲಿಲ್ಲ. ಹಗ್ಗ ಹಾಯಿಸಿ ಬುಡಕ್ಕೆ ಬಿಗಿದಳು, ಕುಣಿಕೆ ಸುತ್ತಿದಳು, ಜಗ್ಗಿ ನೋಡಿದಳು. ಎದ್ದಳು, ಕೂತಳು, ಎದ್ದಳು, ಕೂತಳು. ಕೆಳಗೆ ಗದ್ದಲವೋ ಗದ್ದಲ. ಕುಟುಂಬದ ಹೆಸರು ಮಣ್ಣುಪಾಲಾಯಿತು ಎಂದು ಒಬ್ಬರು. ಪೋಲೀಸರನ್ನು ಕರೀರಿ ಎಂದು ಇನ್ನೊಬ್ಬರು, ಪೋಲೀಸರು ಬಂದು ಯಾವ ಕೇಸು ಹಾಕಬೇಕೋ ದೇವರೇ ಬಲ್ಲ. "ಇಳಿ ರತ್ನ! ಇಳಿ ಅಂದೆ!" ಎಂದು ಶೆಟ್ಟರು ಕೂಗಿದರು.

"ಕೂತು ಮುಗಿದ ಮೇಲೆ ಇಳೀತೇನೆ ಅಣ್ಣ," ಎಂದಳು ಮೇಲಿನಿಂದ.

ಜೋಯಿಸರಿಗೆ ಮುಹೂರ್ತದ ಚಿಂತೆ. ಮೇಲೆ ಯಾರಿದ್ದರೇನು, ಕೆಳಗಿನದು ನಡೆಯಲಿ ಎಂದು ಅವರು ದೀಪ ಹೊತ್ತಿಸಿಯೇಬಿಟ್ಟರು. ಐದು ಬತ್ತಿಗಳು ಉರಿದವು. ಅಷ್ಟರಲ್ಲಿ ಕಡಲಿನ ಕಡೆಯಿಂದ ಗಾಳಿ ತಿರುಗಿ, ಒಂದು ಬತ್ತಿಯ ಉರಿ ಮರದ ಕಡೆಗೆ ನಾಲಗೆ ಚಾಚಿತು. ಅಲ್ಲಿಯೇ, ಒಂದು ಬೆರಳಿನಾಚೆ, ರತ್ನಾವತಿಯನ್ನು ಹಿಡಿದಿದ್ದ ನೈಲಾನ್ ಹಗ್ಗ ಬುಡವನ್ನು ಸುತ್ತಿತ್ತು. ಅವಳು ಆಗ ಮನೆಯ ಮಾಡಿಗಿಂತ ಮೇಲೆ, ಇನ್ನೂ ಕೊಂಬೆ ತಲುಪದೆ, ಆ ಹಗ್ಗವೊಂದನ್ನೇ ನಂಬಿ ತೂಗುತ್ತಿದ್ದಳು. ಅವಳ ಕಣ್ಣಿಗೆ ಕೆಳಗಿನದು ಬಿದ್ದಿರಲಿಲ್ಲ.

ಶೆಟ್ಟರ ಕಣ್ಣಿಗೆ ಬಿತ್ತು. ಉರಿ ಇನ್ನೊಮ್ಮೆ ವಾಲಿತು. ಹೊತ್ತಿಸಿದ ದೈವದ ದೀಪವನ್ನು ನಡುವೆ ಕದಲಿಸಬಾರದು ಎಂಬುದು ಆ ಅಂಗಳದಲ್ಲಿದ್ದ ಕೂಸಿಗೂ ಗೊತ್ತು. ಹತ್ತು ವರ್ಷ ದೈವದ ಮುನಿಸಿಗೆ ಹೆದರಿ ಬದುಕಿದ ಚಿತ್ತರಂಜನ ಶೆಟ್ಟರು ರಂಗೋಲಿಯನ್ನು ತುಳಿದುಕೊಂಡು ಹೋಗಿ, ಉರಿಯುವ ದೀಪವನ್ನು ಎರಡೂ ಕೈಯಲ್ಲಿ ಬುಡಸಹಿತ ಎತ್ತಿದರು. ಕಾದ ಎಣ್ಣೆ ಮುಂಗೈ ಮೇಲೆ ಸುರಿಯಿತು. ಅವರು ದೀಪವನ್ನು ಬಿಡಲಿಲ್ಲ.

"ಶೆಟ್ರೇ! ಎಂತ ಅಪಚಾರ!" ಎಂದು ಜೋಯಿಸರು ಚೀರಿದರು. "ಇಡಿ ಅಲ್ಲಿ! ಇಡಿ ಅಂದರೆ!"

"ಅಲ್ಲಿ ನನ್ನ ತಂಗಿಯ ಹಗ್ಗ ಉಂಟು," ಎಂದರು ಶೆಟ್ಟರು.

"ದೈವದ ಮರದಲ್ಲಿ ಹಗ್ಗ ಎಂತಕ್ಕೆ ಕಟ್ಟಬೇಕಿತ್ತು? ಅವರು ಹತ್ತಿದ್ದಾದರೂ ಎಂತಕ್ಕೆ?"

ಶೆಟ್ಟರು ಸೇರಿದ ನೆಂಟರನ್ನು ನೋಡಿದರು, ಕೇರಿಯವರನ್ನು ನೋಡಿದರು, ಹೋಟೆಲಿನ ಹುಡುಗರನ್ನು ನೋಡಿದರು. ಅವರ ಮಾತು ಅಂಗಳದ ತುದಿಯವರೆಗೂ ಕೇಳಿಸಿತು. "ಅವಳಿಗೆ ಹತ್ತಬೇಕು ಅಂತ ಕಂಡಿತು, ಹತ್ತಿದಳು. ಅದಕ್ಕಿಂತ ಹೆಚ್ಚು ಕಾರಣ ಬೇಕಾದವರು ಹೋಟೆಲಿಗೆ ಬನ್ನಿ, ನನ್ನ ಮುಖ ನೋಡಿ ನಗಿ."

ದೀಪವನ್ನು ಹಿಡಿದುಕೊಂಡೇ ಅವರು ಮೆಟ್ಟಿಲು ಹತ್ತಿ ಚಾವಡಿಯೊಳಗೆ ಇಟ್ಟುಬಂದರು. ದೈವ ಬಂದಿರುವುದಾದರೆ ಮನೆಯೊಳಗೇ ಬರಲಿ, ಜಾಗಕ್ಕೇನು ಕೊರತೆ ಎಂದರು. ಜೋಯಿಸರು ಚೀಲ ಎತ್ತಿಕೊಂಡು ಹೊರಟರು. ಶೆಟ್ಟರು ಸುಟ್ಟ ಕೈಗಳನ್ನು ನೀರಿಗಿಟ್ಟು ಮತ್ತೆ ಬಂದು, ಹಗ್ಗದ ಗಂಟಿನ ಪಕ್ಕದಲ್ಲಿ ಪಂಚೆ ಎತ್ತಿ ಕುಕ್ಕರಗಾಲಿನಲ್ಲಿ ಕೂತರು. ಜನ ಒಬ್ಬೊಬ್ಬರಾಗಿ ಕರಗಿದರು. ಮೇಲೆ ರತ್ನಾವತಿ ಕೊಂಬೆ ತಲುಪಿ, ಅದಕ್ಕೂ ಮೇಲಿನ ಕೊಂಬೆಗೆ ಹೋಗಿ ಕೂತಿದ್ದಳು. ಅಣ್ಣನ ಮಾತು ಅವಳಿಗೆ ಕೇಳಿಸಿತ್ತು. ಅವಳು ಒಂದಷ್ಟು ಹೊತ್ತು ಧಾರಾಳವಾಗಿ ಅತ್ತಳು. ಅಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ.

ಗುಲಾಬಿಯಕ್ಕ ಮಾತ್ರ ಹೋಗಿರಲಿಲ್ಲ. ಹಗ್ಗವನ್ನು ಬೆರಳಿನಿಂದ ಒತ್ತಿ ನೋಡಿದರು, ಜಗ್ಗಿ ನೋಡಿದರು, ಕತ್ತೆತ್ತಿ ಮೇಲೆ ನೋಡಿದರು.

"ರತ್ನಕ್ಕ, ಈ ಹಗ್ಗ ನನ್ನನ್ನು ತಡೀತದಾ?"

"ತಡೀತದೆ," ಎಂದಳು ರತ್ನಾವತಿ. "ಸೀರೆ ಮಾತ್ರ ಬೇಡ."